ಮೀನಿನ ಗಂಟಲಲ್ಲಿ ಸಿಕ್ಕ ಉಪ್ಪಿನ ಕಥೆ

ಮನೆಯಲ್ಲಿರುವ ಉಪ್ಪಿನ ಪ್ಯಾಕೆಟ್ ಒಮ್ಮೆ ತಿರುಗಿಸಿ ನೋಡಿ. ಅಯೋಡಿನ್‌ಯುಕ್ತ ಉಪ್ಪು ಎಂದು ಬರೆದಿರುತ್ತದೆ. ಅದು ಯಾಕೆ ಎಂದು ಕೇಳಿದರೆ ಶಾಲೆಗೆ ಹೋಗುವ ಮಕ್ಕಳೂ ‘ಗಳಗಂಡ ಬರಬಾರದು ಅಂತ’ ಎಂದು ಹೇಳಿಬಿಡುತ್ತಾರೆ. ಆದರೆ ಗಳಗಂಡಕ್ಕೂ ಅಯೋಡಿನ್‌ಗೂ ಇರುವ ನಂಟನ್ನು ಬಿಡಿಸಿ ತೋರಿಸಿದ ಮುಖ್ಯ ಪ್ರಯೋಗಗಳಲ್ಲಿ ಒಂದು ನಡೆದದ್ದು ಮೀನಿನ ಕೊಳದಲ್ಲಿ. ಅದನ್ನು ನಮ್ಮ ಪಠ್ಯಪುಸ್ತಕದಲ್ಲಿ ನಾವು ಓದಿರಲಿಲ್ಲ.

ಈ ಚರಿತ್ರೆಯನ್ನು ಈಗ ಬರೆಯಲು ಇನ್ನೊಂದು ಕಾರಣವೂ ಇದೆ. ಕೃಷಿ ಹೊಂಡದಲ್ಲಿ ಕಾಟ್ಲಾ, ರೋಹು ಬಿಟ್ಟವರು ‘ಮೀನು ಬೇಗ ದಪ್ಪ ಆಗೋಕೆ ಹಾರ್ಮೋನು ಏನಾದರೂ ಇದೆಯಾ’ ಎಂದು ಕೇಳುವುದುಂಟು. ಥೈರಾಯ್ಡ್ ಹಾರ್ಮೋನು ಮೀನಿನ ಬೆಳವಣಿಗೆಯಲ್ಲಿ ಏನು ಮಾಡುತ್ತದೆ ಎಂದು ವಿಜ್ಞಾನಿಗಳು ನೂರು ವರ್ಷಗಳಿಂದ ಹುಡುಕುತ್ತಾ ಬಂದಿದ್ದಾರೆ. ಆ ಪ್ರಶ್ನೆಗೆ ಸಿಕ್ಕ ಉತ್ತರ, ಉಪ್ಪಿನ ಪ್ಯಾಕೆಟ್ಟಿನ ಮೇಲಿರುವ ಮಾತು, ಎರಡೂ ಒಂದೇ ಕಥೆಯ ಎರಡು ಭಾಗ.

ಗಂಟಲಿನಲ್ಲಿರುವ ಗಿರಣಿ

ಮನುಷ್ಯರ ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯ ಆಕಾರದ ಒಂದು ಗ್ರಂಥಿ ಇದೆ. ಅದೇ ಥೈರಾಯ್ಡ್. ಅದು ತಯಾರಿಸುವ ಹಾರ್ಮೋನು ರಕ್ತದಲ್ಲಿ ಸೇರಿ ಮೈಯೆಲ್ಲ ಓಡಾಡುತ್ತದೆ. ಎಲುಬು ಬೆಳೆಯುವುದಕ್ಕೆ, ಮೆದುಳು ರೂಪುಗೊಳ್ಳುವುದಕ್ಕೆ, ತಿಂದದ್ದು ಶಕ್ತಿಯಾಗುವುದಕ್ಕೆ ಅದು ಬೇಕು. ಈ ಹಾರ್ಮೋನಿಗೆ ಎರಡು ರೂಪಗಳಿವೆ. ಒಂದರಲ್ಲಿ ನಾಲ್ಕು ಅಯೋಡಿನ್ ಪರಮಾಣುಗಳು, ಅದಕ್ಕೆ ಟಿ-4 ಅಥವಾ ಥೈರಾಕ್ಸಿನ್ ಎಂದು ಹೆಸರು. ಇನ್ನೊಂದರಲ್ಲಿ ಮೂರು, ಅದು ಟಿ-3. ಥೈರಾಯ್ಡ್ ಪರೀಕ್ಷೆ ಮಾಡಿಸಿದವರು ಲ್ಯಾಬ್ ರಿಪೋರ್ಟಿನಲ್ಲಿ ಈ ಎರಡೂ ಹೆಸರನ್ನು ನೋಡಿರುತ್ತೀರಿ.

ಮೀನಿಗೂ ಥೈರಾಯ್ಡ್ ಇದೆ. ಅದರಲ್ಲಿ ತಯಾರಾಗುವುದೂ ಇದೇ ಟಿ-4, ಟಿ-3. ಟ್ಯಾಂಕಿನಲ್ಲಿ ಈಜುವ ಮೀನಿಗೂ ಅದನ್ನು ನೋಡುತ್ತಾ ಕೂತ ಮಗುವಿಗೂ ಈ ವಿಷಯದಲ್ಲಿ ಭೇದವಿಲ್ಲ. ಗ್ರಂಥಿ ಇರುವ ರೀತಿ ಮಾತ್ರ ಬೇರೆ. ಹೆಚ್ಚಿನ ಮೀನುಗಳಲ್ಲಿ ಅದು ಒಂದೇ ಗಡ್ಡೆಯಾಗಿ ಇರುವುದಿಲ್ಲ. ಗಂಟಲಿನ ಕೆಳಗೆ, ಕಿವಿರುಗಳ ನಡುವೆ ಹಾದುಹೋಗುವ ದೊಡ್ಡ ರಕ್ತನಾಳದ ಸುತ್ತ, ಸಾಸಿವೆ ಚೆಲ್ಲಿದ ಹಾಗೆ ಹರಡಿಕೊಂಡಿರುತ್ತದೆ. ಅದರ ಸುತ್ತ ಗಟ್ಟಿ ಹೊದಿಕೆಯೂ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ. ಮುಂದೆ ಒಂದು ದೊಡ್ಡ ಜಗಳಕ್ಕೆ ಇದೇ ಕಾರಣವಾಯಿತು.

ಅಯೋಡಿನ್ ಸಾಲದಿದ್ದರೆ ಗ್ರಂಥಿ ಯಾಕೆ ಊದುತ್ತದೆ? ಹಿಟ್ಟಿನ ಗಿರಣಿಯನ್ನು ನೆನಪಿಸಿಕೊಳ್ಳಿ. ಊರಿಗೆ ಹಿಟ್ಟು ಬೇಕು, ಆದರೆ ಗಿರಣಿಗೆ ರಾಗಿ ಬರುತ್ತಿಲ್ಲ. ಯಜಮಾನ ಇನ್ನೊಂದು ಕಲ್ಲು ಕೂರಿಸುತ್ತಾನೆ, ಮತ್ತೊಂದು ಮೋಟರ್ ತರುತ್ತಾನೆ, ಗೋಡೆ ಒಡೆದು ಕಟ್ಟಡ ದೊಡ್ಡದು ಮಾಡುತ್ತಾನೆ. ರಾಗಿಯೇ ಇಲ್ಲದ ಮೇಲೆ ಹಿಟ್ಟು ಎಲ್ಲಿಂದ ಬರಬೇಕು? ನಮ್ಮ ಮೈಯಲ್ಲಿ ಆ ಯಜಮಾನನ ಜಾಗದಲ್ಲಿರುವುದು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ. ಹಾರ್ಮೋನು ಕಡಿಮೆಯಾದಾಗ ‘ಇನ್ನಷ್ಟು ಮಾಡು, ಇನ್ನಷ್ಟು ಮಾಡು’ ಎಂದು ಅದು ಥೈರಾಯ್ಡಿಗೆ ಹೇಳುತ್ತಲೇ ಇರುತ್ತದೆ. ಕಚ್ಚಾ ಮಾಲಾದ ಅಯೋಡಿನ್ ಇಲ್ಲ. ಗ್ರಂಥಿ ಮಾತ್ರ ಬೆಳೆಯುತ್ತಾ ಹೋಗುತ್ತದೆ. ಕುತ್ತಿಗೆಯಲ್ಲಿ ಕಾಣುವ ಆ ಊತವೇ ಗಳಗಂಡ.

ಅಯೋಡಿನ್ ಎಂಬ ವಸ್ತು ಪತ್ತೆಯಾದದ್ದು 1811ರಲ್ಲಿ. ಫ್ರಾನ್ಸಿನ ಬರ್ನಾರ್ಡ್ ಕೂರ್ತ್ವಾ ಎಂಬವರು ಸಮುದ್ರದ ಪಾಚಿ ಸುಟ್ಟ ಬೂದಿಯಲ್ಲಿ ಅದನ್ನು ಕಂಡರು. ಅದು ಥೈರಾಯ್ಡ್ ಗ್ರಂಥಿಯಲ್ಲೂ ಇದೆ ಎಂದು ಜರ್ಮನಿಯ ಯೂಜೆನ್ ಬೌಮನ್ ತೋರಿಸಿದ್ದು 1895ರಲ್ಲಿ. ನಡುವೆ 84 ವರ್ಷ ಕಳೆದಿತ್ತು. ಅಷ್ಟಾದರೂ ಗಳಗಂಡ ಬರುವುದು ನಿಜವಾಗಿ ಅಯೋಡಿನ್ ಕೊರತೆಯಿಂದಲೋ, ಕೆಟ್ಟ ನೀರಿನಿಂದಲೋ, ರೋಗಾಣುವಿನಿಂದಲೋ ಎಂಬ ವಾದ ಮುಗಿದಿರಲಿಲ್ಲ.

ಕೊಳದಲ್ಲಿ ಕ್ಯಾನ್ಸರ್?

ಆ ವಾದ ನಡೆಯುತ್ತಿದ್ದ ಕಾಲದಲ್ಲೇ ಅಮೆರಿಕದಲ್ಲಿ ಮೀನುಮರಿ ಕೇಂದ್ರಗಳು ಹೆಚ್ಚಿದ್ದವು. ಅಲ್ಲಿನ ಬೆಟ್ಟದ ತಣ್ಣನೆಯ ತೊರೆಗಳಲ್ಲಿ ಬ್ರೂಕ್ ಟ್ರೌಟ್ ಎಂಬ ಮೀನಿದೆ. ಅದನ್ನು ಸಿಮೆಂಟು, ಮರದ ತೊಟ್ಟಿಗಳಲ್ಲೂ ಸಾಲು ಕೊಳಗಳಲ್ಲೂ ಸಾವಿರಗಟ್ಟಲೆ ಸಾಕುತ್ತಿದ್ದರು. ಮೇವು ಅಗ್ಗವಾಗಿ ಸಿಗಬೇಕಲ್ಲ, ಕಸಾಯಿಖಾನೆಯಿಂದ ಹಂದಿಯ ಲಿವರ್, ಹೃದಯ ತಂದು ಕೊಚ್ಚಿ ಹಾಕುತ್ತಿದ್ದರು. ಮೀನು ಚೆನ್ನಾಗಿಯೇ ತಿನ್ನುತ್ತಿತ್ತು.

ಆದರೆ ಕೊಳದ ಮೀನುಗಳ ಗಂಟಲಿನ ಕೆಳಗೆ ಕೆಂಪು ಗಡ್ಡೆ ಕಾಣಿಸತೊಡಗಿತು. ಕೆಲವದರಲ್ಲಿ ಗಡ್ಡೆ ಎಷ್ಟು ದೊಡ್ಡದಾಗುತ್ತಿತ್ತೆಂದರೆ ಕಿವಿರಿನ ಮುಚ್ಚಳ ಸರಿಯಾಗಿ ಮುಚ್ಚುತ್ತಿರಲಿಲ್ಲ. ಮೀನು ಸೊರಗಿ ಸಾಯುತ್ತಿತ್ತು. ಗಡ್ಡೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ತಜ್ಞರು ಬೆಚ್ಚಿದರು. ಥೈರಾಯ್ಡಿನ ಕೋಶಗಳು ಮಾಂಸದ ನಡುವೆ, ಮೂಳೆಯ ಪಕ್ಕ, ಎಲ್ಲೆಂದರಲ್ಲಿ ನುಗ್ಗಿದ ಹಾಗೆ ಕಾಣುತ್ತಿದ್ದವು. ಅಕ್ಕಪಕ್ಕದ ಅಂಗಾಂಶಕ್ಕೆ ನುಗ್ಗುವುದು ಕ್ಯಾನ್ಸರಿನ ಗುಣ. ಹಾಗಾಗಿ ಇದು ಥೈರಾಯ್ಡ್ ಕ್ಯಾನ್ಸರ್ ಎಂದು ಹೆಸರಿಟ್ಟರು.

ಮೀನಿನ ಥೈರಾಯ್ಡ್ ಹುಟ್ಟುವಾಗಲೇ ಚೆಲ್ಲಿದ ಸಾಸಿವೆಯ ಹಾಗೆ ಹರಡಿರುತ್ತದೆ ಎಂದೆವಲ್ಲ. ಹರಡಿದ್ದ ಪ್ರತಿ ಚುಕ್ಕಿ ಊದಿಕೊಂಡರೆ, ಎಲ್ಲ ಕಡೆ ನುಗ್ಗಿದ ಹಾಗೇ ಕಾಣುತ್ತದೆ. ಆದರೆ ಆಗ ಇದು ಎಲ್ಲರಿಗೂ ಹೊಳೆಯಲಿಲ್ಲ.

ಒಂದೇ ಕೊಳದಲ್ಲಿ ಇಷ್ಟೊಂದು ಮೀನಿಗೆ ಕ್ಯಾನ್ಸರ್ ಬರುತ್ತದೆಂದರೆ ಅದು ಅಂಟುರೋಗ ಇರಬಹುದೇ? ಹಾಗಾದರೆ ಮನುಷ್ಯರ ಕ್ಯಾನ್ಸರೂ ಅಂಟುತ್ತದೆಯೇ? ಈ ಹೆದರಿಕೆ ಸಣ್ಣದಾಗಿರಲಿಲ್ಲ. 1910ರಲ್ಲಿ ಅಮೆರಿಕದ ಅಧ್ಯಕ್ಷ ವಿಲಿಯಂ ಟಾಫ್ಟ್, ಮೀನಿನ ಕ್ಯಾನ್ಸರ್ ಅಧ್ಯಯನಕ್ಕೆ ಒಂದು ಪ್ರಯೋಗಾಲಯ ಬೇಕು ಎಂದು ಅಲ್ಲಿನ ಸಂಸತ್ತಿಗೆ ಸಂದೇಶ ಕಳಿಸಿದರು. ನ್ಯೂಯಾರ್ಕ್ ರಾಜ್ಯದ ಬಫಲೋ ನಗರದ ಕ್ಯಾನ್ಸರ್ ಸಂಶೋಧಕ ಹಾರ್ವೆ ಗೇಲಾರ್ಡ್ ಇದು ಕ್ಯಾನ್ಸರೇ ಎಂದು ನಂಬಿದ್ದರು. ಅವರೂ ಮೀನುಗಾರಿಕೆ ಇಲಾಖೆಯ ಮಾರ್ಷ್ ಅವರೂ ಸೇರಿ ಟ್ರೌಟ್ ಜಾತಿಯ ಮೀನುಗಳ ಥೈರಾಯ್ಡ್ ಕ್ಯಾನ್ಸರ್ ಬಗ್ಗೆ ದೊಡ್ಡ ವರದಿಯನ್ನೇ ಪ್ರಕಟಿಸಿದರು.

ಡೇವಿಡ್ ಮರೀನ್ ಕಂಡದ್ದು

ಇದೇ ಹೊತ್ತಿಗೆ ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಡೇವಿಡ್ ಮರೀನ್ ಎಂಬ ಯುವ ವೈದ್ಯರಿದ್ದರು. ಹುಟ್ಟಿದ್ದು 1880ರಲ್ಲಿ. ಆ ಊರು ಇರುವುದು ದೊಡ್ಡ ಸರೋವರಗಳ ಪ್ರದೇಶದಲ್ಲಿ. ಸಮುದ್ರದಿಂದ ದೂರ, ಮಣ್ಣಿನಲ್ಲಿ ಅಯೋಡಿನ್ ಕಡಿಮೆ. ಅಲ್ಲಿ ಜನರಿಗೆ ಮಾತ್ರವಲ್ಲ, ಬೀದಿ ನಾಯಿಗಳಿಗೂ ಗಳಗಂಡ ಇತ್ತು. ಮರೀನ್ ನಾಯಿ, ಕುರಿಗಳ ಥೈರಾಯ್ಡನ್ನು ಪರೀಕ್ಷಿಸಿ, ಅಯೋಡಿನ್ ಕಡಿಮೆಯಾದಂತೆ ಗ್ರಂಥಿ ಊದುತ್ತದೆ ಎಂದು ಆಗಲೇ ಕಂಡುಕೊಂಡಿದ್ದರು. ಪೆನ್ಸಿಲ್ವೇನಿಯಾ ರಾಜ್ಯದ ಟ್ರೌಟ್ ಮೀನುಗಳಿಗೆ ಗಡ್ಡೆ ಬಂದಾಗ ಅದನ್ನು ನೋಡುವ ಕೆಲಸ ಅವರ ಪಾಲಿಗೆ ಬಂತು. ಜೊತೆಗೆ ಲೆನ್‌ಹಾರ್ಟ್ ಎಂಬ ಸಹೋದ್ಯೋಗಿ ಇದ್ದರು.

ಅವರು ಮಾಡಿದ ಮೊದಲ ಕೆಲಸ ಕೊಳದ ಸುತ್ತ ನಡೆದಾಡಿ ನೋಡಿದ್ದು. ಕೊಳಗಳು ಸಾಲಾಗಿದ್ದವು. ಮೇಲಿನ ಕೊಳದ ನೀರು ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಹರಿಯುತ್ತಿತ್ತು. ನಮ್ಮಲ್ಲಿ ಕಾಲುವೆಯ ತಲೆಯ ಗದ್ದೆ, ಬಾಲದ ಗದ್ದೆ ಇದ್ದ ಹಾಗೆ. ಮೇಲಿನ ಕೊಳದ ಮೀನಿಗೆ ಊತ ಕಡಿಮೆ. ಕೆಳಕ್ಕೆ ಹೋದಂತೆ ಹೆಚ್ಚು. ಅದೇ ಜಾತಿಯ ಮೀನು ಹೊರಗಿನ ತೊರೆಯಲ್ಲಿ ಹುಳು ಹುಪ್ಪಟೆ ತಿಂದು ಬೆಳೆದಿದ್ದರೆ ಅದಕ್ಕೆ ಗಡ್ಡೆ ಇರಲಿಲ್ಲ.

ಆಮೇಲೆ ಅವರು ರೋಗ ಬಂದ ಮೀನುಗಳ ನೀರಿಗೆ ಅಯೋಡಿನ್ ಸೇರಿಸಿದರು. ತೀರಾ ಕಡಿಮೆ, ಬಣ್ಣವೂ ಕಾಣದಷ್ಟು. ಗಡ್ಡೆಗಳು ಕುಗ್ಗತೊಡಗಿದವು. ಕ್ಯಾನ್ಸರ್ ಆಗಿದ್ದರೆ ಇಷ್ಟು ಸುಲಭಕ್ಕೆ ಕುಗ್ಗುತ್ತಿರಲಿಲ್ಲ. 1910 ಮತ್ತು 1911ರಲ್ಲಿ ಪ್ರಕಟಿಸಿದ ಲೇಖನಗಳಲ್ಲಿ ಮರೀನ್ ಮತ್ತು ಲೆನ್‌ಹಾರ್ಟ್, ಇದು ಕ್ಯಾನ್ಸರ್ ಅಲ್ಲ, ಮನುಷ್ಯರಿಗೆ ಬರುವ ಗಳಗಂಡವೇ ಎಂದು ಬರೆದರು. ಇದಕ್ಕೆ ದಾರಿ ಮಾಡಿಕೊಡುವ ಮೂರು ಸಂಗತಿಗಳನ್ನು ಪಟ್ಟಿ ಮಾಡಿದರು. ಸಾಕಷ್ಟು ಹೊಸ ನೀರು ಬರದಿರುವುದು, ಮೀನುಗಳನ್ನು ಕಿಕ್ಕಿರಿದು ತುಂಬಿರುವುದು, ಅಸಹಜವಾದ ಅರೆಬರೆ ಮೇವನ್ನು ಅತಿಯಾಗಿ ತಿನ್ನಿಸುವುದು.

ಮೂರರಲ್ಲಿ ಯಾವುದು ಮುಖ್ಯ? ಅದು ಗೊತ್ತಾಗಲು ಇನ್ನೂ ಮೂರು ವರ್ಷ ಬೇಕಾಯಿತು. ಮರೀನ್ ಮೇವನ್ನು ಬದಲಾಯಿಸಿ ನೋಡಿದರು. ಲಿವರ್ ತಿನ್ನುವ ಮೀನಿಗೆ ಗಳಗಂಡ ಬಂತು. ಸಮುದ್ರದ ಮೀನನ್ನು ಕೊಚ್ಚಿ ಹಾಕಿದಾಗ ಬರಲಿಲ್ಲ. ಆಗಲೇ ಬಂದಿದ್ದ ಮೀನಿಗೆ ಸಮುದ್ರದ ಮೀನು ತಿನ್ನಿಸಿದರೆ ವಾಸಿಯಾಯಿತು. ಸಮುದ್ರದ ಜೀವಿಗಳಲ್ಲಿ ಅಯೋಡಿನ್ ಹೇರಳವಾಗಿದೆ, ಹಂದಿಯ ಲಿವರಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. 1914ರ ಲೇಖನದಲ್ಲಿ ಅವರು, ಇದು ಅಂಟುವ ರೋಗವಲ್ಲ, ಮೇವಿನ ದೋಷದಿಂದ ಬರುವಂಥದ್ದು ಎಂದು ತೀರ್ಮಾನ ಹೇಳಿದರು. ಗೇಲಾರ್ಡ್ ಮತ್ತು ಮಾರ್ಷ್ ಅವರ ಕ್ಯಾನ್ಸರ್ ವರದಿ ಪ್ರಕಟವಾದದ್ದೂ ಅದೇ ವರ್ಷ. ಕಾಲಾಂತರದಲ್ಲಿ ನಿಂತದ್ದು ಮರೀನ್ ಅವರ ಮಾತು.

ಇಲ್ಲಿ ನಮಗೆ ಮುಖ್ಯವಾಗಿ ಕಾಣುವುದು ಇದು. ಒಂದೇ ಜಾಗದಲ್ಲಿ ಎಲ್ಲರಿಗೂ ಒಂದೇ ಕಾಯಿಲೆ ಬಂದಾಗ ಜನ ಮೊದಲು ಅಂಟು ಅನ್ನುತ್ತಾರೆ, ಇಲ್ಲವೇ ವಂಶದ ದೋಷ ಅನ್ನುತ್ತಾರೆ. ಮರೀನ್ ಕೇಳಿದ ಪ್ರಶ್ನೆ ಬೇರೆ: ಇವರೆಲ್ಲ ಒಟ್ಟಿಗೆ ತಿನ್ನುತ್ತಿರುವುದು ಏನು, ಕುಡಿಯುತ್ತಿರುವುದು ಏನು?

ನೊಣದಷ್ಟು ದೊಡ್ಡ ಕಪ್ಪೆ

ಅಯೋಡಿನ್ ಇಲ್ಲದಿದ್ದರೆ ಗ್ರಂಥಿ ಕೆಡುತ್ತದೆ ಎಂಬುದು ಹೀಗೆ ತಿಳಿಯಿತು. ಗ್ರಂಥಿ ಕೆಟ್ಟರೆ ಬೆಳವಣಿಗೆಗೆ ಏನಾಗುತ್ತದೆ? ಇದಕ್ಕೆ ಉತ್ತರ ಸಿಕ್ಕಿದ್ದು ಕೊಳದ ಇನ್ನೊಂದು ಜೀವಿಯಿಂದ.

1912ರಲ್ಲಿ ಗುಡೆರ್ನಾಚ್ ಎಂಬ ವಿಜ್ಞಾನಿ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಅವರು ಗೊದಮೊಟ್ಟೆಗಳಿಗೆ ಬೇರೆ ಬೇರೆ ಪ್ರಾಣಿಗಳ ಗ್ರಂಥಿಗಳನ್ನು ತಿನ್ನಿಸಿ ನೋಡಿದ್ದರು. ಕುದುರೆಯ ಥೈರಾಯ್ಡ್ ತಿಂದ ಗೊದಮೊಟ್ಟೆಗಳಿಗೆ ಕೆಲವೇ ದಿನಗಳಲ್ಲಿ ಕಾಲು ಮೂಡಿ, ಬಾಲ ಕರಗತೊಡಗಿತು. ಆದರೆ ಅವು ದೊಡ್ಡದಾಗಲಿಲ್ಲ. ನೊಣದಷ್ಟು ಪುಟ್ಟ ಕಪ್ಪೆಗಳಾದವು. ಥೈಮಸ್ ಎಂಬ ಬೇರೊಂದು ಗ್ರಂಥಿಯನ್ನು ತಿಂದವು ಗೊದಮೊಟ್ಟೆಯಾಗಿಯೇ ದಪ್ಪಗಾಗುತ್ತಾ ಹೋದವು, ಕಪ್ಪೆಯಾಗುವುದು ತಡವಾಯಿತು.

ನಾಲ್ಕು ವರ್ಷದ ಮೇಲೆ, 1916ರಲ್ಲಿ, ಅಮೆರಿಕದ ಬೆನೆಟ್ ಆಲನ್ ಇದರ ಉಲ್ಟಾ ಪ್ರಯೋಗ ಮಾಡಿದರು. ಪುಟ್ಟ ಗೊದಮೊಟ್ಟೆಯ ಥೈರಾಯ್ಡನ್ನೇ ತೆಗೆದುಹಾಕಿದರು. ಅವು ಬದುಕಿದವು, ತಿಂದವು, ಬೆಳೆದವು. ಕಪ್ಪೆ ಮಾತ್ರ ಆಗಲೇ ಇಲ್ಲ.

ಈ ಎರಡು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿ. ದೊಡ್ಡದಾಗುವುದು ಒಂದು, ಮಾಗುವುದು ಇನ್ನೊಂದು. ಮಾವಿನಕಾಯಿ ಎಷ್ಟೇ ದೊಡ್ಡದಾದರೂ ಮಾಗದಿದ್ದರೆ ಹಣ್ಣಲ್ಲ. ಥೈರಾಯ್ಡ್ ಹಾರ್ಮೋನಿನ ದೊಡ್ಡ ಕೆಲಸ ಈ ಮಾಗಿಸುವುದು. ಯಾವ ಹೊತ್ತಿಗೆ ಯಾವ ಅಂಗ ಬದಲಾಗಬೇಕು ಎಂದು ಅದು ದೇಹಕ್ಕೆ ತಿಳಿಸುತ್ತದೆ.

ಆ ಹಾರ್ಮೋನು ಶುದ್ಧ ರೂಪದಲ್ಲಿ ಕೈಗೆ ಸಿಕ್ಕಿದ್ದು 1914ರ ಡಿಸೆಂಬರ್ 25ರಂದು. ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಎಡ್ವರ್ಡ್ ಕೆಂಡಾಲ್ ಅದರ ಹರಳುಗಳನ್ನು ಪಡೆದರು. ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು 3 ಟನ್ ಹಂದಿ ಥೈರಾಯ್ಡನ್ನು ಸಂಸ್ಕರಿಸಿ ಅವರು ತೆಗೆದದ್ದು ಸುಮಾರು 33 ಗ್ರಾಂ. ಒಂದು ಲಾರಿ ಲೋಡಿನಿಂದ ಒಂದು ಹಿಡಿ. ದೇಹ ಎಷ್ಟು ಕಡಿಮೆ ಹಾರ್ಮೋನಿನಲ್ಲಿ ಎಷ್ಟು ದೊಡ್ಡ ಕೆಲಸ ಮಾಡಿಸಿಕೊಳ್ಳುತ್ತದೆ ಎಂಬುದಕ್ಕೆ ಈ ಲೆಕ್ಕವೇ ಸಾಕು. ಟಿ-3 ಪತ್ತೆಯಾದದ್ದು ಬಹಳ ತಡವಾಗಿ, 1952ರಲ್ಲಿ. ಇಂಗ್ಲೆಂಡಿನ ರೊಸಲಿಂಡ್ ಪಿಟ್-ರಿವರ್ಸ್ ಮತ್ತು ಜ್ಯಾಕ್ ಗ್ರಾಸ್ ಅದನ್ನು ಕಂಡರು.

ಕೊಳದಿಂದ ಶಾಲೆಗೆ

ಮೀನಿನಲ್ಲಿ ಕಂಡದ್ದು ಮಕ್ಕಳಲ್ಲೂ ನಿಜವಾಗುತ್ತದೆಯೇ ಎಂದು ಮರೀನ್ ನೋಡಬೇಕೆಂದಿದ್ದರು. ತಮ್ಮೂರು ಕ್ಲೀವ್‌ಲ್ಯಾಂಡಿನ ಶಾಲೆಗಳಲ್ಲಿ ಅದಕ್ಕೆ ಒಪ್ಪಿಗೆ ಸಿಗಲಿಲ್ಲ. ಮಕ್ಕಳಿಗೆ ಏನೋ ಔಷಧಿ ತಿನ್ನಿಸುತ್ತಾರೆ ಎಂಬ ಹೆದರಿಕೆ ಅಲ್ಲೂ ಇತ್ತು. ಕೊನೆಗೆ ಹತ್ತಿರದ ಆಕ್ರನ್ ಪಟ್ಟಣ ಒಪ್ಪಿತು. 1917ರಲ್ಲಿ ಮರೀನ್ ಮತ್ತು ಅವರ ವಿದ್ಯಾರ್ಥಿ ಆಲಿವರ್ ಕಿಂಬಾಲ್ ಅಲ್ಲಿ ಕೆಲಸ ಶುರುಮಾಡಿದರು. ಗಳಗಂಡ ಹೆಣ್ಣುಮಕ್ಕಳಲ್ಲಿ ಹೆಚ್ಚು. ಆದ್ದರಿಂದ ಶಾಲೆಯ ಹುಡುಗಿಯರನ್ನೇ ಆರಿಸಿಕೊಂಡರು. ಮನೆಯವರು ಒಪ್ಪಿದ ಹುಡುಗಿಯರಿಗೆ ವರ್ಷಕ್ಕೆ ಎರಡು ಸಲ, ಹತ್ತು ಹತ್ತು ದಿನ, ನೀರಿನಲ್ಲಿ ಕರಗಿಸಿದ ಸೋಡಿಯಂ ಅಯೋಡೈಡ್ ಕುಡಿಸಿದರು. ಒಪ್ಪದವರಿಗೆ ಕೊಡಲಿಲ್ಲ. ಇಬ್ಬರ ಕುತ್ತಿಗೆಯನ್ನೂ ಪರೀಕ್ಷಿಸುತ್ತಾ ಹೋದರು.

ಅಯೋಡಿನ್ ತೆಗೆದುಕೊಂಡ 2,190 ಹುಡುಗಿಯರಲ್ಲಿ ಥೈರಾಯ್ಡ್ ಊದಿದ್ದು 5 ಮಂದಿಗೆ. ತೆಗೆದುಕೊಳ್ಳದ 2,305 ಹುಡುಗಿಯರಲ್ಲಿ 495 ಮಂದಿಗೆ.

ಈ ಎರಡು ಸಾಲು ಓದಿದ ಮೇಲೆ ವಾದಕ್ಕೆ ಹೆಚ್ಚು ಜಾಗ ಉಳಿಯಲಿಲ್ಲ. ಆದರೆ ಪ್ರತಿ ಮಗುವಿಗೂ ವರ್ಷಕ್ಕೆ ಎರಡು ಸಲ ಔಷಧಿ ಕುಡಿಸುತ್ತಾ ಕೂರಲಾಗದು. ಬಡವರು, ಶ್ರೀಮಂತರು, ಎಲ್ಲರೂ ದಿನಾ ತಿನ್ನುವ ವಸ್ತು ಬೇಕಿತ್ತು. ಅದು ಉಪ್ಪು. ಸ್ವಿಟ್ಜರ್ಲೆಂಡ್ 1922ರಲ್ಲಿ, ಅಮೆರಿಕದ ಮಿಷಿಗನ್ ರಾಜ್ಯ 1924ರಲ್ಲಿ ಅಯೋಡಿನ್ ಉಪ್ಪು ತಂದವು.

ಕಾಂಗ್ರಾ ಕಣಿವೆ

ನಮ್ಮ ದೇಶದಲ್ಲಿ ಹಿಮಾಲಯದ ತಪ್ಪಲಿನ ಉದ್ದಕ್ಕೂ ಗಳಗಂಡ ಇತ್ತು. ಮಳೆ, ಹಿಮ, ನೆರೆ ಮಣ್ಣಿನ ಅಯೋಡಿನ್ನನ್ನು ತೊಳೆದುಕೊಂಡು ಹೋಗುತ್ತವೆ. ಅಲ್ಲಿ ಬೆಳೆದ ಧಾನ್ಯದಲ್ಲೂ ಅದು ಇರುವುದಿಲ್ಲ. ಇಡೀ ಊರುಗಳಲ್ಲಿ ಕುತ್ತಿಗೆ ಊದಿದವರು, ಕಿವಿ ಕೇಳದ ಮಾತು ಬಾರದ ಮಕ್ಕಳು, ಬುದ್ಧಿ ಬೆಳೆಯದ ಮಕ್ಕಳು ಇದ್ದರು. ಅದನ್ನು ಹಣೆಬರಹ ಎಂದುಕೊಂಡವರೇ ಹೆಚ್ಚು.

1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಈಗಿನ ಹಿಮಾಚಲ ಪ್ರದೇಶದ ಕಾಂಗ್ರಾ ಕಣಿವೆಯಲ್ಲಿ ಒಂದು ಅಧ್ಯಯನ ಶುರುಮಾಡಿದರು. ಸುಮಾರು ಒಂದು ಲಕ್ಷ ಜನರಿದ್ದ ಪ್ರದೇಶವನ್ನು ಮೂರು ವಲಯ ಮಾಡಿದರು. ಒಂದಕ್ಕೆ ಪೊಟ್ಯಾಷಿಯಂ ಅಯೋಡೈಡ್ ಸೇರಿಸಿದ ಉಪ್ಪು, ಇನ್ನೊಂದಕ್ಕೆ ಪೊಟ್ಯಾಷಿಯಂ ಅಯೋಡೇಟ್ ಸೇರಿಸಿದ ಉಪ್ಪು, ನಡುವಿನದಕ್ಕೆ ಮಾಮೂಲಿ ಉಪ್ಪು. ಕೆಲವೇ ವರ್ಷಗಳಲ್ಲಿ ಅಯೋಡಿನ್ ಉಪ್ಪು ತಿಂದ ಎರಡೂ ವಲಯಗಳ ಮಕ್ಕಳಲ್ಲಿ ಗಳಗಂಡ ಚೆನ್ನಾಗಿ ಇಳಿಯಿತು. ನಡುವಿನ ವಲಯದಲ್ಲಿ ಇಳಿಯಲಿಲ್ಲ. ಆಮೇಲೆ ಆ ವಲಯಕ್ಕೂ ಅಯೋಡಿನ್ ಉಪ್ಪು ಕೊಡಲಾಯಿತು.

1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ಅಯೋಡಿನ್ ಕೊರತೆ ಕುತ್ತಿಗೆಯ ಊತಕ್ಕೆ ಮಾತ್ರ ಸೀಮಿತವಲ್ಲ, ಮಗುವಿನ ಮೆದುಳಿಗೇ ಪೆಟ್ಟು ಕೊಡುತ್ತದೆ ಎಂಬುದು ಸ್ಪಷ್ಟವಾದ ಮೇಲೆ, 1992ರಲ್ಲಿ ಅದರ ಹೆಸರಿನಲ್ಲಿದ್ದ ಗಳಗಂಡ ಹೋಗಿ ‘ಅಯೋಡಿನ್ ಕೊರತೆಯ ತೊಂದರೆಗಳು’ ಎಂದಾಯಿತು. 2006ರ ಮೇ ತಿಂಗಳಿಂದ, ಮನುಷ್ಯರ ಊಟಕ್ಕೆಂದು ಅಯೋಡಿನ್ ಇಲ್ಲದ ಉಪ್ಪು ಮಾರುವುದನ್ನು ದೇಶದಾದ್ಯಂತ ನಿಷೇಧಿಸಲಾಗಿದೆ.

ಮತ್ತೆ ಮೀನಿನ ಕಡೆಗೆ

ವೈದ್ಯರು ಉಪ್ಪಿನ ಹಿಂದೆ ಹೋದರು. ಮೀನಿನ ವಿಜ್ಞಾನಿಗಳು ಹಾರ್ಮೋನಿನ ಹಿಂದೆ ಹೋದರು. ಅವರಿಗೆ ಸಿಕ್ಕ ಸಂಗತಿಗಳಲ್ಲಿ ಕೆಲವನ್ನು ಇಲ್ಲಿ ಹೇಳಬೇಕು.

ಮಂಗಳೂರು ಕಡೆಯವರು ನಂಗ್ ಮೀನು ತಿಂದಿರುತ್ತೀರಿ. ಚಪ್ಪಟೆ ಮೀನು, ಎರಡು ಕಣ್ಣೂ ಒಂದೇ ಬದಿಗೆ. ಇಂಥ ಚಪ್ಪಟೆ ಮೀನುಗಳು ಮೊಟ್ಟೆಯಿಂದ ಹೊರಬಂದಾಗ ಹಾಗಿರುವುದಿಲ್ಲ. ಎಲ್ಲ ಮೀನಿನ ಹಾಗೆ ನೆಟ್ಟಗೆ ಈಜುತ್ತವೆ, ಕಣ್ಣು ಎರಡು ಬದಿಗೂ ಇರುತ್ತದೆ. ಕೆಲವು ವಾರ ಕಳೆದ ಮೇಲೆ ಒಂದು ಕಣ್ಣು ತಲೆಯ ಮೇಲಿಂದ ಸರಿದು ಆಚೆ ಬದಿಗೆ ಬರುತ್ತದೆ. ಜಪಾನಿನ ಇನುಯಿ ಮತ್ತು ಮಿವಾ ಎಂಬ ವಿಜ್ಞಾನಿಗಳು 1985ರಲ್ಲಿ, ಅಲ್ಲಿನ ಒಂದು ಚಪ್ಪಟೆ ಮೀನಿನ ಮರಿಗಳ ನೀರಿಗೆ ಥೈರಾಕ್ಸಿನ್ ಹಾಕಿದಾಗ ಕಣ್ಣು ಬೇಗ ಸರಿದು, ಮರಿಗಳು ಪುಟ್ಟದಿರುವಾಗಲೇ ಚಪ್ಪಟೆ ಮೀನಾದವು ಎಂದು ತೋರಿಸಿದರು. ಥೈರಾಯ್ಡ್ ಹಾರ್ಮೋನು ತಯಾರಾಗದಂತೆ ತಡೆದಾಗ, ಮರಿಗಳು ಮರಿಯ ರೂಪದಲ್ಲೇ ದೊಡ್ಡದಾಗುತ್ತಾ ಹೋದವು. ಗುಡೆರ್ನಾಚ್ ಮತ್ತು ಆಲನ್ ಗೊದಮೊಟ್ಟೆಯಲ್ಲಿ ಕಂಡದ್ದೇ ಇಲ್ಲೂ ಕಂಡಿತು.

ಸಾಲ್ಮನ್ ಎಂಬ ಮೀನು ಹೊಳೆಯಲ್ಲಿ ಹುಟ್ಟಿ ಸಮುದ್ರಕ್ಕೆ ಹೋಗುತ್ತದೆ. ಸಿಹಿನೀರಿನಿಂದ ಉಪ್ಪುನೀರಿಗೆ ಹೋಗುವ ಮೊದಲು ಅದರ ಮೈ ಬದಲಾಗಿ ಬೆಳ್ಳಿಯ ಬಣ್ಣಕ್ಕೆ ತಿರುಗುತ್ತದೆ. ಆ ಹೊತ್ತಿಗೆ ಅದರ ಥೈರಾಯ್ಡ್ ಚುರುಕಾಗಿರುತ್ತದೆ ಎಂದು ವಿಲಿಯಂ ಹೋರ್ 1939ರಲ್ಲೇ ಬರೆದಿದ್ದರು. 1981ರಲ್ಲಿ ಅಮೆರಿಕದ ವಿಜ್ಞಾನಿಗಳ ಒಂದು ತಂಡ, ಕೋಹೋ ಸಾಲ್ಮನ್‌ಗಳ ರಕ್ತದಲ್ಲಿ ಥೈರಾಕ್ಸಿನ್ ಏರುವುದು ವಸಂತ ಕಾಲದ ಅಮಾವಾಸ್ಯೆಯ ಹೊತ್ತಿಗೆ ಎಂದು ತೋರಿಸಿತು. ಅಮಾವಾಸ್ಯೆ ಹುಣ್ಣಿಮೆ ನೋಡಿ ಬಲೆ ಬಿಡುವ ನಮ್ಮ ಮೀನುಗಾರರಿಗೆ ಇದು ಅಚ್ಚರಿ ಅನ್ನಿಸಲಾರದು.

ಇನ್ನು ನಮ್ಮ ಕೆರೆಗಳಲ್ಲೆಲ್ಲ ಇರುವ ಜಿಲೇಬಿ ಮೀನು, ಅಂದರೆ ತಿಲಾಪಿಯಾ. ಆಫ್ರಿಕಾ ಮೂಲದ ಈ ಮೀನು ಭಾರತಕ್ಕೆ ಬಂದದ್ದು 1952ರಲ್ಲಿ. ಸಿಂಗಾಪುರದ ಟಿ. ಜೆ. ಲ್ಯಾಮ್ 1980ರಲ್ಲಿ ಇದರ ಎಳೆ ಮರಿಗಳನ್ನು ಚಿಟಿಕೆಗಿಂತಲೂ ಕಡಿಮೆ ಥೈರಾಕ್ಸಿನ್ ಇದ್ದ ನೀರಿನಲ್ಲಿ ಇಟ್ಟರು. ಮರಿಗಳು ಬೇಗ ಬಲಿತವು, ಬದುಕಿ ಉಳಿದದ್ದೂ ಹೆಚ್ಚು. ಹಾಗಾದರೆ ಇನ್ನೂ ಜಾಸ್ತಿ ಹಾಕಿದರೆ? ಬೇರೆ ಬೇರೆ ಮೀನುಗಳ ಮೇಲೆ ಪ್ರಮಾಣ ಹೆಚ್ಚಿಸಿ ನೋಡಿದ ಪ್ರಯೋಗಗಳಲ್ಲಿ ಮರಿಗಳ ರೆಕ್ಕೆ, ಎಲುಬು ವಿಕಾರವಾದವು. 1970ರ ದಶಕದಲ್ಲಿ ಕೆನಡಾದಲ್ಲಿ ಸಾಲ್ಮನ್ ಮೇವಿಗೆ ಈ ಹಾರ್ಮೋನು ಬೆರೆಸಿ ನೋಡಿದವರಿಗೂ ಇದೇ ಅನುಭವ. ಒಂದು ಮಟ್ಟದವರೆಗೆ ಬೆಳವಣಿಗೆ ಹೆಚ್ಚಿತು, ಅದು ದಾಟಿದರೆ ಮೈ ಕೆಟ್ಟಿತು.

ತಾಯಿ ಕೊಟ್ಟ ಬುತ್ತಿ

ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು 1980ರ ದಶಕದ ಇನ್ನೊಂದು ಶೋಧ. ಮೀನಿನ ಮೊಟ್ಟೆಯೊಳಗಿನ ಹಳದಿಯನ್ನು ಪರೀಕ್ಷಿಸಿದಾಗ ಅದರಲ್ಲಿ ಥೈರಾಯ್ಡ್ ಹಾರ್ಮೋನು ಸಿಕ್ಕಿತು. ಮರಿಗೆ ಇನ್ನೂ ಸ್ವಂತ ಗ್ರಂಥಿ ಬಂದಿರುವುದಿಲ್ಲ. ಅಷ್ಟರೊಳಗೆ ಬೇಕಾಗುವ ಹಾರ್ಮೋನನ್ನು ತಾಯಿ ಮೀನೇ ಮೊಟ್ಟೆಯಲ್ಲಿ ಕಟ್ಟಿಕೊಟ್ಟಿರುತ್ತದೆ. ದೂರ ಹೋಗುವ ಮಕ್ಕಳಿಗೆ ಅವ್ವ ಬುತ್ತಿ ಕಟ್ಟಿದ ಹಾಗೆ. 1988ರಲ್ಲಿ ಅಮೆರಿಕದ ಸಂಶೋಧಕರು ಸ್ಟ್ರೈಪ್ಡ್ ಬಾಸ್ ಎಂಬ ಮೀನಿನಲ್ಲಿ, ಮೊಟ್ಟೆಯಿಡುವ ಮೊದಲು ತಾಯಿಗೆ ಟಿ-3 ಕೊಟ್ಟರೆ ಅದರ ಮರಿಗಳ ಗಾಳಿಚೀಲ ಚೆನ್ನಾಗಿ ತುಂಬಿಕೊಂಡು, ಹೆಚ್ಚು ಮರಿಗಳು ಬದುಕುತ್ತವೆ ಎಂದು ತೋರಿಸಿದರು.

ಮನುಷ್ಯರಲ್ಲೂ ಹೀಗೆಯೇ. ಗರ್ಭದ ಮೊದಲ ಮೂರು ತಿಂಗಳು ಮಗುವಿನ ಥೈರಾಯ್ಡ್ ಕೆಲಸ ಶುರುಮಾಡಿರುವುದಿಲ್ಲ. ಮೆದುಳು ರೂಪುಗೊಳ್ಳುವುದು ಮಾತ್ರ ನಿಲ್ಲುವುದಿಲ್ಲ. ಆಗ ಮಗುವಿಗೆ ಸಿಗುವುದು ತಾಯಿಯ ಹಾರ್ಮೋನು ಮಾತ್ರ. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಸಾಕು, ಬಸುರಿಯರಿಗೆ 250 ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕೇ. 150 ಮೈಕ್ರೋಗ್ರಾಂ ಎಂದರೆ ಕಣ್ಣಿಗೆ ಕಾಣದಷ್ಟು. 70 ವರ್ಷ ಬದುಕುವ ಮನುಷ್ಯನಿಗೆ ಜೀವಮಾನಕ್ಕೆಲ್ಲ ಸೇರಿ 4 ಗ್ರಾಂ ಕೂಡ ಆಗುವುದಿಲ್ಲ. ಒಂದು ಟೀ ಚಮಚಕ್ಕಿಂತ ಕಡಿಮೆ. ಆದರೆ ಬೇಕಾದ ಹೊತ್ತಿಗೆ ಅದು ಸಿಗದೆ ಹೋದರೆ, ಮಗುವಿನ ಮೆದುಳಿಗೆ ಆದ ನಷ್ಟವನ್ನು ಆಮೇಲೆ ತುಂಬಿಕೊಡಲಾಗದು.

ಹೊಂಡದವರಿಗೆ, ಅಡುಗೆಮನೆಯವರಿಗೆ

ಈಗ ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಬರೋಣ. ಮೀನು ಬೆಳೆಯಲು ಥೈರಾಯ್ಡ್ ಹಾರ್ಮೋನು ಬೇಕೇ ಬೇಕು. ಅದನ್ನು ಮೀನು ತಾನೇ ಮಾಡಿಕೊಳ್ಳುತ್ತದೆ. ಅದಕ್ಕೆ ಬೇಕಾದ ಅಯೋಡಿನ್ನನ್ನು ಕಿವಿರಿನ ಮೂಲಕ ನೀರಿನಿಂದ, ಬಾಯಿಯ ಮೂಲಕ ಮೇವಿನಿಂದ ಪಡೆಯುತ್ತದೆ. ಹೊರಗಿನಿಂದ ಹಾರ್ಮೋನು ಹಾಕಿದರೆ ಯೂರಿಯಾ ಹಾಕಿದ ಹೊಲದ ಹಾಗೆ ಮೀನು ದಪ್ಪ ಆಗುವುದಿಲ್ಲ. ಇದು ಮಾಗಿಸುವ ಹಾರ್ಮೋನು, ಹೊತ್ತು ತಪ್ಪಿದರೆ, ಅಳತೆ ತಪ್ಪಿದರೆ ಕೆಡಿಸುತ್ತದೆ. ಮನುಷ್ಯರ ಥೈರಾಯ್ಡ್ ಮಾತ್ರೆಯನ್ನು ಪುಡಿಮಾಡಿ ಮೇವಿಗೆ ಬೆರೆಸುವಂಥ ಕೆಲಸಕ್ಕೆ ಯಾರೂ ಹೋಗಬಾರದು. ಆ ಮೀನನ್ನು ತಿನ್ನುವವರೂ ನಾವೇ.

ನೂರು ವರ್ಷದ ಹಿಂದೆ ಮರೀನ್ ಮತ್ತು ಲೆನ್‌ಹಾರ್ಟ್ ಬರೆದಿಟ್ಟ ಮೂರು ಸಂಗತಿಗಳು ನಮ್ಮ ಹೊಂಡಕ್ಕೂ ಹೊಂದುತ್ತವೆ. ಹೊಂಡ ತಾಳುವುದಕ್ಕಿಂತ ಹೆಚ್ಚು ಮರಿ ಬಿಡಬೇಡಿ. ನೀರು ಹಳಸಲು ಬಿಡಬೇಡಿ. ಅಗ್ಗಕ್ಕೆ ಸಿಕ್ಕಿತೆಂದು ಒಂದೇ ಬಗೆಯ ಮೇವನ್ನು ಸುರಿಯುತ್ತಾ ಹೋಗಬೇಡಿ. ತೌಡು, ಶೇಂಗಾ ಹಿಂಡಿಯ ಜೊತೆ ಖನಿಜಾಂಶ ಇರುವ ಮೇವು ಎಷ್ಟು ಬೇಕೆಂದು ತಾಲ್ಲೂಕಿನ ಮೀನುಗಾರಿಕೆ ಇಲಾಖೆಯವರನ್ನು ಕೇಳಿ.

ಅಡುಗೆಮನೆಯಲ್ಲಿ ಮಾಡುವುದು ಇನ್ನೂ ಸುಲಭ. ಅಯೋಡಿನ್ ಉಪ್ಪನ್ನೇ ತನ್ನಿ. ಸಂತೆಯಲ್ಲಿ ಬಿಡಿಯಾಗಿ ಅಳೆದು ಕೊಡುವ ಕಲ್ಲುಪ್ಪಿನಲ್ಲಿ, ಸೈಂಧವ ಲವಣದಲ್ಲಿ ಅಯೋಡಿನ್ ಇಲ್ಲದಿರಬಹುದು, ಪ್ಯಾಕೆಟ್ ಮೇಲೆ ಬರೆದದ್ದನ್ನು ನೋಡಿ. ನಮ್ಮ ಕಾನೂನಿನ ಪ್ರಕಾರ ಉಪ್ಪು ನಿಮ್ಮ ಕೈಗೆ ಬರುವಾಗ ಕೆಜಿಗೆ ಕನಿಷ್ಠ 15 ಮಿಲಿಗ್ರಾಂ ಅಯೋಡಿನ್ ಇರಬೇಕು. ತೇವ, ಬಿಸಿಲು, ಒಲೆಯ ಶಾಖ ತಗುಲಿದರೆ ಅದು ಕಡಿಮೆಯಾಗುತ್ತದೆ. ಮುಚ್ಚಳ ಇರುವ ಡಬ್ಬಿಯಲ್ಲಿ, ಒಲೆಯಿಂದ ದೂರ ಇಡಿ. ಅಯೋಡಿನ್ ಬೇಕೆಂದು ಉಪ್ಪನ್ನೇ ಜಾಸ್ತಿ ತಿನ್ನಬೇಡಿ, ಬಿಪಿ ಏರುತ್ತದೆ. ಆಗಲೇ ಥೈರಾಯ್ಡ್ ತೊಂದರೆ ಇರುವವರು ವೈದ್ಯರ ಮಾತಿನಂತೆ ನಡೆಯಿರಿ. ಹಲವು ಕಡೆ ಆಶಾ ಕಾರ್ಯಕರ್ತೆಯರ ಬಳಿ ಉಪ್ಪು ಪರೀಕ್ಷಿಸುವ ಕಿಟ್ ಇರುತ್ತದೆ. ಒಂದು ಹನಿ ಹಾಕಿದರೆ ಅಯೋಡಿನ್ ಇರುವ ಉಪ್ಪು ನೀಲಿಗೆ ತಿರುಗುತ್ತದೆ. ನಿಮ್ಮೂರಿನ ಆಶಾ ಅಕ್ಕನನ್ನು ಕೇಳಿ ನೋಡಿ. ಮನೆಯಲ್ಲಿ ಬಸುರಿ ಹೆಣ್ಣುಮಗಳಿದ್ದರೆ ಈ ವಾರವೇ ಕೇಳಿ.